ನೋರಾ ಕಥೆಯ ಬಿಳಿ ಹಾಳೆಗಳು

ಕುದಿಯುವ ಮೈದಾ ಅಂಟಿಗೆ ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬಿದ್ದಾಗ ಏಳುವ ಆ ಮಂದ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ಐವತ್ತೇಳರ ಈ ವಯಸ್ಸಿನಲ್ಲೂ ನನಗೆ ಹತ್ತನೇ ಕ್ಲಾಸಿನ ಇಂಗ್ಲಿಷ್ ಪರೀಕ್ಷೆಯ ಬೆಳಗಾಗಿಬಿಡುತ್ತದೆ. ಅಂದು ಏನೇನು ಕೆಡಬಹುದಿತ್ತೆಂದು ನಾನು ಮೊದಲೇ ಲೆಕ್ಕ ಹಾಕಿಟ್ಟಿದ್ದೆ. ಪೆನ್ನು ಸೋರಬಹುದಿತ್ತು. ಹಾಲ್ ಟಿಕೆಟ್ಟು ಅಂಗಿ ಜೇಬಿನಲ್ಲೇ ಉಳಿದು ಒಗೆಯುವ ಕಲ್ಲಿಗೆ ಹೋಗಬಹುದಿತ್ತು. ನನ್ನ ನಂಬರಿನ ಬೆಂಚಿನಲ್ಲಿ ಇನ್ನೊಬ್ಬ ಕೂತಿರಬಹುದಿತ್ತು, ಅವನು ನನಗಿಂತ ದಪ್ಪಗಿರಬಹುದಿತ್ತು. ಬೆಳಗಿನ ಉಪ್ಪಿಟ್ಟು ಹೊಟ್ಟೆ ಕೆಡಿಸಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಪತ್ರಿಕೆ ಕುಣಿಗಲ್ ಕಡೆಯ ಯಾವುದೋ ಮುದಿ ಮೇಷ್ಟ್ರ ಕೈಗೆ ಸಿಕ್ಕಿ, ಲೋಕದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದ ಆ ಮಹಾನುಭಾವ ಕನ್ನಡಕ ಸರಿಮಾಡಿಕೊಂಡು, 'ಈ ಕಥೆ ಹೀಗೆ ಮುಗಿಯುವುದೇ ಇಲ್ಲವಲ್ಲ' ಎಂದುಬಿಡಬಹುದಿತ್ತು. ಇವುಗಳಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ನನ್ನ ಪಟ್ಟಿಯಲ್ಲೇ ಇರದಿದ್ದ ಒಂದು ಸಣ್ಣ ಸಂಗತಿ.

ಗುಬ್ಬಿಯ ನಮ್ಮ ಮನೆಯಲ್ಲಿ ಆಗ ಸರೋಜತ್ತೆ ಇದ್ದಳು, ಅಪ್ಪನ ತಂಗಿ. ಬಾಲವಾಡಿಯ ಟೀಚರು. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ, ಮೂರನೇ ಸಲ ಕಟ್ಟಲು ತಾತ ಬಿಡಲಿಲ್ಲವೆಂಬ ಸಿಟ್ಟಿಗೆ ಡಿಕ್ಷನರಿ ಇಟ್ಟುಕೊಂಡು ತಾನೇ ಇಂಗ್ಲಿಷ್ ಕಲಿತವಳು. ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ ಕರೀಂ ಸಾಬರ ಬೈಂಡಿಂಗ್ ಕೆಲಸ; ಬೆಳಗಾದರೆ ಅವರ ಅಂಟಿನ ವಾಸನೆ ನಮ್ಮ ಮನೆಗೂ ಬರುತ್ತಿತ್ತು. ಒಮ್ಮೆ ರದ್ದಿಯ ಕಟ್ಟಿನಲ್ಲಿ ಬಂದ ಒಂದು ಇಂಗ್ಲಿಷ್ ಪುಸ್ತಕವನ್ನು ಹೊಲಿದು, ರಟ್ಟು ಹಾಕಿ, ಅತ್ತೆಗೆ ತಂದುಕೊಟ್ಟರು. "ಟೀಚರಮ್ಮ, ಇದಕ್ಕೆ ತಲೆನೂ ಇಲ್ಲ, ಬಾಲಾನೂ ಇಲ್ಲ. ಹೊಟ್ಟೆ ಮಾತ್ರ ಐತೆ. ನೀವೇ ಇಟ್ಕೊಳ್ಳಿ." ಹರಿದುಹೋದ ಪುಟಗಳಿದ್ದಷ್ಟು ಬಿಳಿ ಹಾಳೆ ಸೇರಿಸಿ ಹೊಲಿಯುವುದು ಸಾಬರ ಪದ್ಧತಿ. ಪುಸ್ತಕ ಸೊರಗಬಾರದು, ಬೆನ್ನು ಕುಸಿಯಬಾರದು ಎನ್ನುತ್ತಿದ್ದರು.

ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಹಿದುಕಿ ಸಿಪ್ಪೆ ಬಿಡಿಸುವ ಕೆಲಸ ನನ್ನದು ಮತ್ತು ಸಾಬರ ಮಗಳು ಫರೀದಾಳದು. ಶುರುವಾದಾಗ ನನಗೆ ಎಂಟು, ಅವಳಿಗೆ ಆರು. ಹಿತ್ತಲ ಮೆಟ್ಟಿಲ ಮೇಲೆ ಅತ್ತೆ ಪುಸ್ತಕ ಹಿಡಿದು ಕೂರುವಳು, ಎದುರಿಗೆ ಬೋಗುಣಿಯ ಸುತ್ತ ನಾವು. ಬೆರಳ ತುದಿಯಿಂದ ಬೇಳೆ ಪುಳಕ್ಕನೆ ಚಿಮ್ಮುವಾಗ, ಸೊಗಡಿನ ವಾಸನೆ ಕೈಗೆ ಅಂಟುವಾಗ, ಅತ್ತೆ ಒಂದೊಂದು ಸಾಲನ್ನೂ ಕನ್ನಡ ಮಾಡಿ ಓದುತ್ತಿದ್ದಳು. ನಮ್ಮ ಕೈ ನಿಂತರೆ ಅವಳ ಬಾಯಿ ನಿಲ್ಲುತ್ತಿತ್ತು. ಕೆರೆಯ ತಳದಲ್ಲೊಂದು ಪಟ್ಟಣ, ಅಲ್ಲಿಯ ರಾಣಿ ಜನರ ಹೆಸರುಗಳನ್ನು ಕದ್ದು ಸೀಸೆಯಲ್ಲಿ ತುಂಬಿಡುವವಳು. ತಮ್ಮನ ಹೆಸರು ಬಿಡಿಸಿ ತರಲು ನೋರಾ ಎಂಬ ಹುಡುಗಿ ಒಕ್ಕಣ್ಣಿನ ಕೊಕ್ಕರೆಯ ಬೆನ್ನೇರಿ ನೀರಿಗಿಳಿಯುತ್ತಾಳೆ. ಕೊನೆಗೆ ರಾಣಿ ಕೈ ಚಾಚಿ, "ಬದಲಿಗೆ ನಿನ್ನ ಹೆಸರು ಕೊಡು" ಎನ್ನುತ್ತಾಳೆ. ಅತ್ತೆ ಪುಟ ತಿರುಗಿಸಿ, ದನಿ ತಗ್ಗಿಸಿ ನೋರಾಳ ಉತ್ತರ ಓದುವಳು: "ನನ್ನ ಹೆಸರು ಹಿಡಿದು ನನ್ನನ್ನ ನಾನೇ ಯಾವತ್ತಾದ್ರೂ ಕರೆದಿದೀನಾ? ಕರೆಯೋನು ನನ್ನ ತಮ್ಮ. ಅದು ಅವನದು. ಅವನನ್ನೇ ಕರೆದು ಕೇಳು." ಕರೆಯಬೇಕಾದರೆ ಅವನ ಹೆಸರಿನ ಸೀಸೆ ತೆರೆಯಲೇಬೇಕು. ರಾಣಿ ತೆರೆದಳು, ಸೋತಳು. ಫರೀದಾ ಪ್ರತಿ ವರ್ಷವೂ ಅದೇ ಜಾಗದಲ್ಲಿ ಸಿಪ್ಪೆಯನ್ನು ಬೋಗುಣಿಗೂ ಬೇಳೆಯನ್ನು ತಿಪ್ಪೆಗೂ ಹಾಕುತ್ತಿದ್ದಳು.

ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ, ನೆಚ್ಚಿನ ಪುಸ್ತಕದ ವಿಮರ್ಶೆ ಬಂದೇ ಬರುತ್ತದೆಂದು ಮೇಷ್ಟ್ರು ಹೇಳಿದರು. ಹತ್ತು ಮಾರ್ಕು, ಅದರಲ್ಲಿ ಪುಸ್ತಕದ ಹೆಸರಿಗೆ ಒಂದು, ಬರೆದವರ ಹೆಸರಿಗೆ ಒಂದು. ಕ್ಲಾಸಿಗೆ ಕ್ಲಾಸೇ ಗೈಡಿನ ವಿಮರ್ಶೆಯನ್ನು ಬಾಯಿಪಾಠ ಮಾಡಿತು, ನಾನೂ ಮಾಡಿದೆ. "ನೀನು ಪಾಸಾದ್ರೆ ನಾನೂ ಪಾಸಾದಂಗೆ ಕಣೋ" ಎಂದಿದ್ದಳು ಅತ್ತೆ. ಆ ಮಾತು ತಲೆ ಮೇಲೆ ಬೀಸುವ ಕಲ್ಲಿನಂತೆ ಕೂತಿತ್ತು. ಪರೀಕ್ಷೆಯ ಹಿಂದಿನ ಮಧ್ಯಾಹ್ನ, ಗೈಡು ಕೈಕೊಟ್ಟರೆ ಇರಲಿ ಎಂದು ನೋರಾಳನ್ನು ತೆಗೆದೆ. ಅಲ್ಲಿಯವರೆಗೆ ಕೊನೆಯ ಪುಟಗಳನ್ನು ಒಬ್ಬನೇ ಓದುವ ಧೈರ್ಯ ಮಾಡಿರಲಿಲ್ಲ. ಈ ಸಲ ನೋರಾ ಸೋತುಬಿಟ್ಟರೆ ಎಂಬ ಅಂಜಿಕೆ. ರಾಣಿ ಕೈ ಚಾಚಿದಳು. ಮುಂದಿನ ಪುಟ ಬಿಳಿ. ಅದರ ಮುಂದಿನದೂ ಬಿಳಿ.

"ಅತ್ತೆ, ಇದ್ರಲ್ಲಿ ಏನೂ ಇಲ್ವಲ್ಲ! ನೀನು ಪುಟ ತಿರುಗಿಸ್ತಿದ್ದೆ!"

ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆ ಎತ್ತಲಿಲ್ಲ. "ತಿರುಗಿಸ್ದೆ ಇನ್ನೇನ್ಲಾ ಮಾಡ್ಲಿ? ಕೊನೆ ಇಲ್ಲ ಅಂದಿದ್ರೆ ನೀವಿಬ್ರೂ ಅವರೆಕಾಳು ಅಲ್ಲೇ ಬುಟ್ಟು ಓಡ್ತಿರ್ಲಿಲ್ವಾ?"

ಮರುದಿನ ಪ್ರಶ್ನೆ ಬಂತು. ಗೈಡಿನ ಮೊದಲ ಪದವೇ ನೆನಪಾಗಲಿಲ್ಲ. ನಾನು ನೋರಾಳ ಬಗ್ಗೆ ಬರೆದದ್ದು ಧೈರ್ಯದಿಂದಲ್ಲ, ಮರೆವಿನಿಂದ. ಬರೆಯುತ್ತಾ ಹೋದಂತೆ ಕೈಗೆ ಸೊಗಡಿನ ವಾಸನೆ ಬಂತು. ಕೊನೆಯನ್ನು ಅತ್ತೆ ಹೇಳಿದಂತೆಯೇ ಬರೆದೆ. ಉಳಿದದ್ದು ಮೊದಲ ಸಾಲು. ಪುಸ್ತಕದ ಹೆಸರಿನ ಜಾಗಕ್ಕೆ 'ನೋರಾ ಕಥೆ' ಎಂಬುದನ್ನೇ ಇಂಗ್ಲಿಷ್ ಮಾಡಿದೆ. ಬರೆದವರ ಜಾಗಕ್ಕೆ ಪೆನ್ನು ನಿಂತಿತು. ಅತ್ತೆಯ ಹೆಸರು ನಾಲಿಗೆ ತುದಿಗೆ ಬಂದಿತ್ತು. ಕುಣಿಗಲ್ ಮೇಷ್ಟ್ರು ನಕ್ಕಂತಾಯಿತು. ಪಾಠಗಳಲ್ಲಿ ಬರುವ ಎರಡು ಹೆಸರು ಜೋಡಿಸಿ ಒಬ್ಬ ಇಂಗ್ಲಿಷಿನವನನ್ನು ಅಲ್ಲೇ ಹುಟ್ಟಿಸಿ ಬರೆದೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು. "ಏನ್ಲಾ, ಬಂತಾ?"

"ಬಂತು. ಕೊನೆ ನಿಂದೇ ಬರ್ದೆ."

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ. "ಹೌದಾ? ಬರ್ದೋರು ಯಾರು ಅಂತ ಹಾಕ್ದೆ?"

ಹೇಳಿದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನಕ್ಕಳು. "ಒಳ್ಳೇದಾಯ್ತು ಬುಡು. ನನ್ನ ಹೆಸ್ರು ಹಾಕಿದ್ರೆ ಮೂರನೇ ಸಲಾನೂ ನಪಾಸು ಮಾಡೋರು." ಮೊಸರನ್ನ ಕಲಸಲು ಒಳಗೆ ಹೋದಳು. ನಾನು ಪಾಸಾದೆ. ಬರೆದವರ ಹೆಸರಿನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಆ ಹಿತ್ತಲೂ ಮೆಟ್ಟಿಲೂ ಈಗಿಲ್ಲ. ಅತ್ತೆ ಹೋಗಿ ಬಹಳ ವರ್ಷವಾಯಿತು. ಫರೀದಾ ತುಮಕೂರಿನಲ್ಲಿ ಅಪ್ಪನ ಕೆಲಸವನ್ನೇ ಹಿಡಿದಿದ್ದಾಳೆ. ಹೋದ ವಾರ, ಹೊಲಿಗೆ ಬಿಟ್ಟ ನೋರಾಳನ್ನು ಅವಳ ಅಂಗಡಿಗೆ ಒಯ್ದೆ. ಒಲೆಯ ಮೇಲೆ ಅಂಟು ಕುದಿಯುತ್ತಿತ್ತು. ಅವಳು ಪುಟ ಮಗುಚುತ್ತಾ ಹೋಗಿ ಕೊನೆಯಲ್ಲಿ ನಿಂತಳು.

"ಅಣ್ಣ, ರಾಣಿ ಸೋತಿದ್ ಪುಟ ಎಲ್ಲೋಯ್ತು?"

"ಇವೇ ಫರೀದಾ. ಆವಾಗ್ಲೂ ಇವೇ."

ಅವಳು ಬಿಳಿ ಹಾಳೆಗಳ ಮೇಲೆ ಕೈಯಾಡಿಸಿದಳು. "ಇವು ಅಬ್ಬಾ ಹಾಕಿದ್ದು" ಎಂದಳು. ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು, "ತೆಗಿಯಲ್ಲ, ಹಂಗೇ ಹೊಲೀತೀನಿ. ಆದ್ರೆ ಬೆನ್ನು ಸಣ್ಣದು, ಒಂದೇ ಹೆಸ್ರು ಹಿಡಿಯೋದು. ಕಥೇದು ಹಾಕ್ಲಾ, ಬರ್ದೋರ್ದಾ?"

"ಬರ್ದೋರ್ದು."

ಯಾರೆಂದು ಅವಳು ಕೇಳಲಿಲ್ಲ. ಅಚ್ಚಿನ ಮೊಳೆಗಳ ಡಬ್ಬಿ ತೆಗೆದು 'ಸ' ಹುಡುಕತೊಡಗಿದಳು. ಒಂದಕ್ಷರ ತಪ್ಪಿಬಿಟ್ಟೀತೆಂದು ನಾನು ಅವಳ ಪಕ್ಕದಲ್ಲೇ ನಿಂತೆ. ನಲವತ್ತು ವರ್ಷದ ಹಿಂದೆ ತಪ್ಪಿದ್ದೂ ಅದೊಂದೇ ಹೆಸರು.