ಚಂದದ ಗಾಲಿ, ನೀರೊಡೆದ ಮೊಸರು

ನಮ್ಮ ಮಾವನವರು ಅಡಿಯಿಂದ ಮುಡಿಯವರೆಗೂ ಬಿಳುಪು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ಬಿಳಿ ಕೂದಲು. ಬಲಗೈ ಹೆಬ್ಬೆರಳಿನ ಉಗುರಿನಡಿ ಮಾತ್ರ ಒಂದು ಕಪ್ಪು ಗೆರೆ. ಸೋಪು, ನಿಂಬೆಹಣ್ಣಿನ ಸಿಪ್ಪೆ, ಅತ್ತೆಯ ಬೈಗುಳ, ಯಾವುದಕ್ಕೂ ಅದು ಹೋಗುತ್ತಿರಲಿಲ್ಲ. ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ ಅದೇನು ಕೊಳೆಯಪ್ಪಾ ಎಂದು ನನಗೆ ಕುತೂಹಲ. ಒಂದು ದಿನ ಅವರ ಜೊತೆ ತರಕಾರಿಗೆ ಹೋದಾಗ ಗೊತ್ತಾಯಿತು. ರಸ್ತೆ ಬದಿ ನಿಂತ ಕಾರು ಯಾರದೇ ಆಗಿರಲಿ, ಮಾವ ಬಗ್ಗಿ ಟೈರಿನ ಗೀರಿನೊಳಗೆ ಉಗುರು ತೂರಿಸಿ ಎಷ್ಟು ಸವೆದಿದೆ ಎಂದು ನೋಡುತ್ತಿದ್ದರು. ಮಾಲೀಕ ಓಡಿಬಂದರೆ ಅಳುಕುತ್ತಿರಲಿಲ್ಲ. "ಎವರೇಜ್ ಕಿತಿ ದೇತೆ?" ಎಂದು ಮರಾಠಿಯಲ್ಲಿ ಅವನನ್ನೇ ವಿಚಾರಣೆಗೆ ನಿಲ್ಲಿಸುತ್ತಿದ್ದರು. ಲೀಟರಿಗೆ ಎಷ್ಟು ಓಡುತ್ತದೆ ಎಂಬಲ್ಲಿಂದ ಶುರುವಾದ ಮಾತು ಅವನ ಮಗಳ ಮದುವೆಯವರೆಗೂ ಹೋಗುತ್ತಿತ್ತು. ನಾನು ಕೊತ್ತಂಬರಿ ಕಟ್ಟು ಹಿಡಿದು ಬಿಸಿಲಲ್ಲಿ ಬಾಡುತ್ತಿದ್ದೆ.

ಅವರು ಬೆಳಗಾವಿ ಕಡೆಯವರು. ಬಾರಾಮತಿ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರಗಳ ವಿಭಾಗ ನೋಡಿಕೊಂಡು, ನಿವೃತ್ತರಾಗಿ ಪುಣೆಯ ವಿಮಾನ ನಗರದ ಈ ಫ್ಲ್ಯಾಟಿಗೆ ಬಂದವರು. ನಾನು ಮೈಸೂರಿನವಳು, ಹತ್ತಿರದ ಖರಾಡಿಯಲ್ಲಿ ಆಫೀಸು. ನಾನು ಮಾತಾಡಿದರೆ ರೇಡಿಯೋದಲ್ಲಿ ವಾರ್ತೆ ಬಂದ ಹಾಗಿರುತ್ತದೆ ಎಂದು ಅವರ ಗೇಲಿ. ನನಗೆ ಕಾರು ಓಡಿಸಲು ಕಲಿಸಿದ್ದೂ ಅವರೇ, ಅದೂ ಗೇಲಿ ಮಾಡಿಕೊಂಡೇ. ಕಲಿಸುವಾಗ ಯಂತ್ರಕ್ಕಿಂತ ರೂಪದ ಪಾಠವೇ ಹೆಚ್ಚು. "ಮನಷ್ಯಾಗ ಬೂಟು, ಗಾಡಿಗೆ ಗಾಲಿ. ಮಾರಿ ಆಮ್ಯಾಲ ನೋಡವಾ, ಮೊದಲ ಕಾಲು ನೋಡು" ಎನ್ನುತ್ತಿದ್ದರು. ಕನ್ನಡಿಯಂತೆ ಹೊಳೆಯುವ ಅವರ ಬೂಟು ನೋಡಿದರೆ ಆ ಮಾತಿಗೆ ಎದುರಾಡಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಹಾಗಿರುವಾಗ ಅವರ ಸ್ವಂತ ಕಾರಿನ ಕಾಲು ಅವರಿಗೇ ಸೇರದೆ ಹೋಯಿತು. ಸಣ್ಣ ಕಾರು, ಹದಿನಾಲ್ಕು ಇಂಚಿನ ಕಬ್ಬಿಣದ ಗಾಲಿ, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಹದಿನಾರು ಇಂಚಿನ, ಥಳಥಳಿಸುವ ಅಲಾಯ್ ಗಾಲಿ ಹಾಕಿಸುತ್ತೇನೆ ಎಂದರು. ನನ್ನ ಗಂಡ, ಮೇಲೆಲ್ಲ ಥಳುಕು ಒಳಗೆಲ್ಲ ಹುಳುಕು ಆಗುತ್ತೆ ನೋಡಿ ಎಂದ. ಮಾವನಿಗೆ ರೇಗಿತು. ರೂಪಕ್ಕೆ ಮರುಳಾಗಿ ಲೆಕ್ಕ ಬಿಡುವ ಮನುಷ್ಯ ತಾನಲ್ಲ ಎಂದು ತೋರಿಸಲೇಬೇಕಾಯಿತು. ಎಷ್ಟೋ ಸಂಜೆ ಊಟದ ಮೇಜಿನ ಮೇಲೆ ತಟ್ಟೆ, ಬಳೆ, ಚಪಾತಿ ಇಟ್ಟು ನಮಗೆಲ್ಲ ಪಾಠ. ಗಾಲಿ ದೊಡ್ಡದಾದಷ್ಟು ಅದರ ಸುತ್ತಲ ರಬ್ಬರು ತೆಳ್ಳಗಾಗಬೇಕು. ಆಗ ಒಟ್ಟು ಎತ್ತರ ಮೊದಲಿನಷ್ಟೇ ಇದ್ದು ವೇಗದ ಮುಳ್ಳು ಸುಳ್ಳು ಹೇಳುವುದಿಲ್ಲ. ಗಾಲಿಯ ತೂಕ ಏರಿದರೆ ಎಳೆಯುವುದು ಕೊಂಚ ನಿಧಾನ, ಎವರೇಜೂ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಬದಲಾಗಿ ತಿರುವಿನಲ್ಲಿ ಹಿಡಿತ ಸಿಗುತ್ತದೆ. ಕೊಟ್ಟಿದ್ದೆಷ್ಟು, ಪಡೆದಿದ್ದೆಷ್ಟು, ಎಲ್ಲ ತೂಗಿದರು. ಚಪಾತಿ ಆರಿತು ಎಂದು ಅತ್ತೆ ಗೊಣಗಿದರು.

ಗಾಲಿ ಬಂದ ದಿನ ಮಾವ ಕೆಳಗಿನ ಪಾರ್ಕಿಂಗಿನಲ್ಲಿ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದ್ದೇ ಹಾಕಿದ್ದು. ನಿಜ ಹೇಳುತ್ತೇನೆ, ಕಾರು ಚಂದ ಕಾಣುತ್ತಿತ್ತು. ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದ ಹುಡುಗ ಒಮ್ಮೆಗೇ ಬೂಟು ತೊಟ್ಟು ನಿಂತ ಹಾಗೆ. ಕಬ್ಬಿಣದ ಹಳೇ ಗಾಲಿಗಳು ಟೈರು ಸಮೇತ ಬಾಲ್ಕನಿ ಸೇರಿ ತುಳಸಿ, ದಾಸವಾಳದ ಕುಂಡಗಳಿಗೆ ಪೀಠವಾದವು.

ಅತ್ತೆಯ ಅಕ್ಕ ಬಾರಾಮತಿಯಲ್ಲಿದ್ದರು. ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು, ದಿನದಿನಕ್ಕೆ ಸೊರಗುತ್ತಿದ್ದರು. ಅತ್ತೆ-ಮಾವ ಪ್ರತಿ ಭಾನುವಾರ ಅವರನ್ನು ನೋಡಿಬರುತ್ತಿದ್ದರು. ಅತ್ತೆ ಹಿಂದಿನ ದಿನವೇ ಸ್ಟೀಲ್ ಡಬ್ಬಿಯಲ್ಲಿ ಹಾಲಿಗೆ ಹೆಪ್ಪು ಹಾಕಿ, ಆ ಗಟ್ಟಿ ಮೊಸರನ್ನು ಅಲುಗದಂತೆ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಿದ್ದರು. ಬಾರಾಮತಿಯಂಥ ಹಾಲಿನ ಊರಿಗೆ ಪುಣೆಯಿಂದ ಮೊಸರು ಯಾಕೆ ಎಂದು ನಾನು ನಕ್ಕಿದ್ದೆ. ಅಕ್ಕನಿಗೆ ತಂಗಿಯ ಕೈ ಹೆಪ್ಪೇ ಆಗಬೇಕಿತ್ತಂತೆ. ಹೊಸ ಗಾಲಿಯಲ್ಲಿ ಅತ್ತೆ ಒಂದೇ ಸಲ ಹೋಗಿ ಬಂದರು. ಆಮೇಲೆ ಒಂದು ವಾರ ಏಕಾದಶಿ, ಒಂದು ವಾರ ತಲೆ ಸುತ್ತು, ಇನ್ನೊಂದು ವಾರ ಯಾರೋ ಬರುತ್ತಾರೆ. ಮಾವ ಒಬ್ಬರೇ ಡಬ್ಬಿ ಹಿಡಿದು ಹೊರಟರು. ಅಕ್ಕ ಫೋನಿನಲ್ಲಿ ಬಾ ಎಂದು ಅಳುತ್ತಿದ್ದರು. ಅತ್ತೆ ಮುಂದಿನ ವಾರ ಬರ್ತೀನಿ ಎಂದು ಫೋನಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದು ಸಂಜೆ ಅವರು ಅಡುಗೆಕಟ್ಟೆ ಹಿಡಿದು ಬಾಗಿದ್ದನ್ನು ಕಂಡು ನಾನು ಬಿಡಲಿಲ್ಲ, ಕೇಳಿಯೇ ಕೇಳಿದೆ. ಅವರಿಗೆ ಹಳೆಯ ಸೊಂಟನೋವು. ತೆಳು ರಬ್ಬರಿನ ಹೊಸ ಗಾಲಿ ಬಂದ ಮೇಲೆ ಪ್ರತಿಯೊಂದು ಗುಂಡಿಯೂ ನೇರ ಬೆನ್ನುಹುರಿಗೇ ಬಡಿಯುತ್ತದಂತೆ. ಆ ಒಂದು ಸಲಕ್ಕೇ ಎರಡು ದಿನ ಮಗ್ಗುಲು ಬದಲಿಸಲು ಆಗಿರಲಿಲ್ಲವಂತೆ. ಹಾಗಾದರೆ ಟ್ಯಾಕ್ಸಿ ಮಾಡಿ ಹೋಗಿ ಎಂದೆ. ಯಾಕೆ ಎಂದು ನಿಮ್ಮ ಮಾವ ಕೇಳದೆ ಬಿಡುತ್ತಾರೆಯೇ ಎಂದರು. ಮಾವನಿಗೆ ನಾನೇ ಹೇಳುತ್ತೇನೆ ಎಂದು ಎದ್ದೆ. ಅತ್ತೆ ನನ್ನ ಕೈ ಹಿಡಿದರು.

"ಬ್ಯಾಡವಾ, ನನ್ನ ಆಣಿ ಅದ. ಜನ್ಮ ಎಲ್ಲಾ ಫ್ಯಾಕ್ಟರಿ ಮಸಿಯೊಳಗ ಕಳದಾರ. ತಮಗಂತ ಚಂದಂದು ಒಂದರ ಮಾಡಿಸ್ಯಾರೇನು ಇಷ್ಟ ವರ್ಷದಾಗ? ಹುಡುಗರಗತೆ ಖುಷಿ ಆಗ್ಯಾರ."

ಎಂಥ ಪೇಚು ನೋಡಿ. ಅಲ್ಲಿ ಅಕ್ಕ ಕಾಯುತ್ತಾ ಕರಗುತ್ತಿದ್ದಾರೆ, ಇಲ್ಲಿ ತಂಗಿ ಗಂಡನ ಖುಷಿಗೆ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ, ನಡುವೆ ನನ್ನ ಬಾಯಿಗೂ ಆಣೆಯ ಬೀಗ. ನನಗೆ ಆ ಗಾಲಿಗಳ ಮೇಲೆ ವಿಪರೀತ ಸಿಟ್ಟು ಬರುತ್ತಿತ್ತು.

ಬೀಗ ತೆಗೆದದ್ದು ಮೊಸರು. ಒಂದು ಭಾನುವಾರ ಬಾರಾಮತಿಯಿಂದ ಬಂದ ಮಾವ ಬೂಟು ಕೂಡ ಬಿಚ್ಚದೆ ಸೋಫಾದಲ್ಲಿ ಕೂತರು. ಅಕ್ಕನ ಮನೆಯಲ್ಲಿ ಡಬ್ಬಿ ತೆರೆದರೆ ಮೊಸರೆಲ್ಲ ಕದಡಿ ಮೇಲೆ ನೀರು ನಿಂತಿತ್ತಂತೆ, ಅದೂ ಮೊದಲ ಸಲವಲ್ಲ. ತಂಗಿಗೆ ಮನಸ್ಸಿಲ್ಲ, ಹೆಪ್ಪೂ ಸರಿ ಹಾಕುವುದಿಲ್ಲ, ಬರುವುದೂ ಇಲ್ಲ ಎಂದು ಅಕ್ಕ ಗೋಡೆ ಕಡೆ ತಿರುಗಿ ಮಲಗಿದರಂತೆ. ಅತ್ತೆ ಕೇಳಿ ಒಳಗೆ ಹೋಗಿಬಿಟ್ಟರು. ಮಾವನಿಗೆ ಅಕ್ಕನ ಮುನಿಸಿಗಿಂತ ಮೊಸರಿನ ಒಗಟು ತಲೆಗೆ ಹತ್ತಿತು. ಅದೇ ಹಾಲು, ಅದೇ ಕೈ, ಅದೇ ದಾರಿ. ಇಷ್ಟು ವರ್ಷ ಚಾಕು ಹಾಕಿದರೆ ಹೋಳಾಗುವಂತಿದ್ದ ಮೊಸರು ಈಗೇಕೆ ಒಡೆಯುತ್ತದೆ? ಡಬ್ಬಿ ಪಕ್ಕದ ಸೀಟಿನ ಮೇಲಿತ್ತು, ಅಲ್ಲಿಂದ ಬಿದ್ದಿರಲೂ ಇಲ್ಲ.

ಮರುದಿನ ನನ್ನನ್ನು ಆಫೀಸಿಗೆ ಬಿಡುವ ನೆಪದಲ್ಲಿ, ಮನೆಮಂದಿಗೆಂದು ಅತ್ತೆ ಹೆಪ್ಪು ಹಾಕಿದ್ದ ಮೊಸರನ್ನೇ ಡಬ್ಬಿ ಸಮೇತ ಕೆಳಗೆ ತಂದರು. ಕೀಲಿಕೈ ನನಗೆ ಕೊಟ್ಟು, ತಾವು ಪಕ್ಕದ ಸೀಟಿನಲ್ಲಿ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ಹೊಸ ಗಾಲಿ ಬಂದ ಮೇಲೆ ಅವರು ಆ ಸೀಟಿನಲ್ಲಿ ಒಮ್ಮೆಯೂ ಕೂತಿರಲಿಲ್ಲ ಎಂದು ಆಗ ನನಗೆ ಹೊಳೆಯಿತು. ಯಾಕೆ ಕೂರುತ್ತಾರೆ? ಕಾರು ಅವರದು, ಸ್ಟೇರಿಂಗೂ ಅವರದೇ. ಓಡಿಸುವವನಿಗೆ ಗುಂಡಿ ಕಣ್ಣಿಗೆ ಮೊದಲು ಬೀಳುತ್ತದೆ, ಮೈ ಸಿದ್ಧವಾಗಿರುತ್ತದೆ, ಕೈಗೆ ಹಿಡಿಕೆಯೂ ಇರುತ್ತದೆ.

ಖರಾಡಿ ರಸ್ತೆ ಅಗೆದು ಮುಚ್ಚಿ ಮತ್ತೆ ಅಗೆದು ಚಿಂದಿಯಾಗಿತ್ತು. ನಾನು ನಿಧಾನ ಮಾಡಲು ಹೋದರೆ ಬೇಡ ಎಂದರು. ತಾವು ಓಡಿಸುವ ವೇಗದಲ್ಲೇ ಓಡಿಸಬೇಕಂತೆ. ಮೊದಲ ಗುಂಡಿಗೆ ಡಬ್ಬಿಯ ಮುಚ್ಚಳ ಸದ್ದು ಮಾಡಿತು. ಎರಡನೆಯದಕ್ಕೆ ಮಾವ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡರು. ಅದಾದ ಮೇಲೆ ಅವರ ಕಣ್ಣು ಡಬ್ಬಿಯ ಮೇಲಿರಲಿಲ್ಲ. ಸೀಟನ್ನು ನೋಡಿದರು, ತಾವು ಹಿಡಿದಿದ್ದ ಹಿಡಿಯನ್ನು ನೋಡಿದರು. ಗಾಡಿ ಬದಿಗೆ ಹಾಕಲು ಹೇಳಿ ಡಬ್ಬಿ ತೆರೆದರು. ಮೊಸರು ಕದಡಿ ನೀರು ಬಿಟ್ಟಿತ್ತು.

"ಇಕಿ ಇಲ್ಲೇ ಕುಂಡ್ರತಿದ್ಲಲ್ಲವಾ" ಎಂದರು ಮಾವ.

ನಿನಗೆ ಗೊತ್ತಿತ್ತೇ ಎಂದು ಕೇಳಿದರು. ಅತ್ತೆ ಆಣೆ ಹಾಕಿದ್ದಾರೆ ಎಂದೆ. ಆಣೆಯೊಳಗೆ ಏನಿದೆ ಎಂದು ಕೇಳಲಿಲ್ಲ. ಯಾರ್ಯಾರನ್ನೋ ಎವರೇಜ್ ಕೇಳುತ್ತಿದ್ದ ಮನುಷ್ಯ ಮುಚ್ಚಳ ಹಾಕಿ, ಆಫೀಸಿನ ಗೇಟಿನವರೆಗೂ ಡಬ್ಬಿಯನ್ನು ತೊಡೆಗೆ ಒತ್ತಿ ಹಿಡಿದು ಕೂತರು.

ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಬಾಲ್ಕನಿಯ ಕುಂಡಗಳು ನೆಲದ ಮೇಲಿದ್ದವು. ಕೆಳಗೆ ಕಾರು ಹಳೇ ಕಬ್ಬಿಣದ ಗಾಲಿಯ ಮೇಲೆ ನಿಂತಿತ್ತು. ಟೈರಿನ ಅಂಗಡಿಯವರು ಹದಿನೈದು ಇಂಚಿನ ನಡುದಾರಿ ತೋರಿಸಿದರಂತೆ, ಮಾವ ಒಪ್ಪದೆ ಬಂದಿದ್ದರು. ನನ್ನ ಗಂಡ ಏನೋ ಚುಡಾಯಿಸಲು ಬಾಯಿ ತೆರೆದ, ನಾನು ಕಣ್ಣಲ್ಲೇ ಗದರಿಸಿದೆ. ಮಾವ ಅತ್ತೆಗೆ ಹೇಳಿದ್ದು ಇಷ್ಟೇ: "ನಾಳೆ ಬಾರಾಮತಿಗೆ ಹೋಗೂಣು. ಮಸರಿಗೆ ಹೆಪ್ಪ ಹಾಕು."

ಮರುದಿನ ಭಾನುವಾರವೂ ಅಲ್ಲ. ಅತ್ತೆ ಹೋದರು. ಅಕ್ಕ-ತಂಗಿ ಇಡೀ ದಿನ ಮಾತಾಡಿದರಂತೆ, ಅಕ್ಕ ಮೊಸರನ್ನ ಕೇಳಿ ಕೇಳಿ ಉಂಡರಂತೆ. ಅಲ್ಲಿಂದ ಒಂದು ಭಾನುವಾರವೂ ತಪ್ಪಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಅಕ್ಕ ಹೋದರು. ಹೋಗುವಾಗ ತಲೆ ತಂಗಿಯ ತೊಡೆಯ ಮೇಲಿತ್ತು.

ಮಾವನೂ ಈಗಿಲ್ಲ. ಹೋದ ವರ್ಷ ಮಧ್ಯಾಹ್ನದ ನಿದ್ದೆಯಿಂದ ಏಳಲಿಲ್ಲ. ನನಗೆ ಅವರ ಋಣ ದೊಡ್ಡದು. ಡ್ರೈವಿಂಗ್ ಕಲಿಸಿದ್ದಕ್ಕೆ ಎಂದು ಜನರಿಗೆ ಹೇಳುತ್ತೇನೆ. ಆದರೆ ತನ್ನ ಲೆಕ್ಕ ತಪ್ಪಿದ್ದೆಲ್ಲಿ ಎಂದು ತಿಳಿಯಲು ಎದ್ದು ಇನ್ನೊಬ್ಬರ ಜಾಗದಲ್ಲಿ ಹೋಗಿ ಕೂತವರಲ್ಲಿ ನಾನು ಕಂಡಿರುವುದು ಅವರೊಬ್ಬರನ್ನೇ.

ವರ್ಷಾಬ್ದಿಕ ಮುಗಿದ ಸಂಜೆ ಅತ್ತೆಯನ್ನು ಕೇಳಿದೆ. ಆ ಗಾಲಿಗಳ ವಿಷಯ ಅವರೆಂದಾದರೂ ನಿಮ್ಮ ಹತ್ತಿರ ಮಾತಾಡಿದರೇ ಎಂದು.

"ಇಲ್ಲವಾ. ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ" ಎಂದರು. ಆಮೇಲೆ ತಾವೇ ಮುಂದುವರಿಸಿದರು. "ಹಳೇ ಗಾಲಿ ಹಾಕಿಸಿಕೊಂಡ ಬಂದ್ರಲ್ಲ, ಅವತ್ತ ಗಾಡಿ ಖರೇನ ಚಂದ ಕಾಣತಿದ್ದಿಲ್ಲ. ನಾ ಮಾತ್ರ ಬಾಲ್ಕನ್ಯಾಗ ನಿಂತು ಕತ್ತಲಾಗೂತನಕ ಅದನ್ನ ನೋಡಿದೆ."