ಕೀಲಿಕಣ್ಣಿನ ಗುಡ್ಡಪ್ಪ

ನಮ್ಮ ಹಿರೇಕೆರೂರು ಕಡೆ ಬೀಗಕ್ಕೆ ಕೀಲಿ ಅನ್ನುತ್ತೇವೆ, ಅದನ್ನು ತೆಗೆಯುವುದಕ್ಕೆ ಕೀಲಿಕೈ. ಗುಡ್ಡಪ್ಪ ಕಾಕಾನ ಹತ್ತಿರ ಮಾತ್ರ ಕೀಲಿಕೈ ಇರಲಿಲ್ಲ, ಕೀಲಿಕಣ್ಣು ಇತ್ತು. ಆ ಹೆಸರಿಟ್ಟವಳು ನಾನೇ. ಗಿರಣಿಯಲ್ಲಿ ಹಿಟ್ಟು ಬೀಸುತ್ತ ಕೂತವಳ ಬಾಯಿ ಸುಮ್ಮನಿರುತ್ತದೆಯೇ? ಈಗ ಯಾರಾದರೂ ಆ ಹೆಸರು ಎತ್ತಿದರೆ ಅವರ ಮುಸುಡಿಗೆ ಹಿಟ್ಟು ಎರಚಿಬಿಡೋಣ ಅನ್ನಿಸುತ್ತದೆ.

ಕಾಕಾ ನನಗೆ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವನು. ನನ್ನ ಗಿರಣಿಯ ಎದುರಿಗೇ ಇರುವ ಬೀಜದ ಕಂಪನಿಯ ಗೋದಾಮಿನಲ್ಲಿ ಕಾವಲಿಗಿದ್ದ. ಗೋದಾಮಿನ ಒಳಗೆ ಒಂದು ತಣ್ಣನೆಯ ಕೋಣೆ. ಹೂವಿಗೆ ಹೂವು ಕೂಡಿಸಿ ಹೈಬ್ರಿಡ್ ಹತ್ತಿಬೀಜ ತೆಗೆಯುತ್ತಾರಲ್ಲ, ಅದರ ಗಂಡುಬೀಜ ಹೆಣ್ಣುಬೀಜ ಎರಡೂ ಅಲ್ಲಿರುತ್ತವೆ. ಅವು ಬೇರೆಯವರ ಕೈಗೆ ಸಿಕ್ಕರೆ ಕಂಪನಿಯ ಕಥೆ ಮುಗಿಯಿತು. ಮೊದಮೊದಲು ಆ ಕೋಣೆಗೂ ಕೀಲಿಕೈಯೇ ಇತ್ತು, ಅದನ್ನು ಕಾಕಾ ಉಡದಾರಕ್ಕೆ ಕಟ್ಟಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ಆದರೂ ಒಮ್ಮೆ ಕಳವಾಯಿತು. ಬಾಗಿಲು ಮುರಿದಿರಲಿಲ್ಲ, ಕೀಲಿ ನೆಟ್ಟಗಿತ್ತು, ಬೀಜದ ಚೀಲ ಮಾತ್ರ ಇರಲಿಲ್ಲ. ಪೊಲೀಸರು ಮೊದಲು ಹಿಡಿದದ್ದು ಕಾಕಾನನ್ನೇ. ಊರ ಮುಂದೆ ಜೀಪು ಹತ್ತಿಸಿದರು. ಹಮಾಲಿ ಒಬ್ಬ ಕೀಲಿಕೈಯನ್ನು ಸಾಬೂನಿಗೆ ಒತ್ತಿ ಅಚ್ಚು ತೆಗೆದು ಇನ್ನೊಂದು ಮಾಡಿಸಿದ್ದ ಅನ್ನುವುದು ಆಮೇಲೆ ಹೊರಬಿತ್ತು. ಕಾಕಾನನ್ನು ಬಿಟ್ಟರು, ಕೆಲಸಕ್ಕೂ ಮತ್ತೆ ಕರೆದರು. ಆದರೆ ಜೀಪು ಹತ್ತಿಸುವಾಗ ಓಣಿ ತುಂಬ ನಿಂತಿದ್ದ ಜನರಲ್ಲಿ ಅವನು ಇಳಿದು ಬಂದದ್ದನ್ನು ನೋಡಿದವರು ಎಷ್ಟು ಮಂದಿ? ಮದುವೆಮನೆಯಲ್ಲಿ ಯಾರದಾದರೂ ಚಪ್ಪಲಿ ಕಾಣದಿದ್ದರೂ ಕಾಕಾ ತಲೆ ತಗ್ಗಿಸುತ್ತಿದ್ದ.

ಆಗಲೇ ಕಂಪನಿಯವರು ಬೆಳಕಿನ ಕೀಲಿ ತರಿಸಿದರು. ಗೋಡೆಯ ಮೇಲೆ ಅಂಗೈಯಗಲದ ಕರಿಡಬ್ಬಿ. ಎದುರಿಗೆ ಕಣ್ಣು ಬಿಟ್ಟು ನಿಂತರೆ ಒಳಗೆ ಮಂಕಾದ ಕೆಂಪು ಬೆಳಕು ಮೂಡಿ, ಕಣ್ಣಿನ ಗುರುತು ಹಿಡಿದು, ಟಿಕ್ ಎಂದು ಬಾಗಿಲು ಬಿಡುತ್ತಿತ್ತು. ಅದನ್ನು ಗೋಡೆಗೆ ಕೂಡಿಸಲು ಹುಬ್ಬಳ್ಳಿಯಿಂದ ಸಾಗರ ಅನ್ನುವ ಹುಡುಗ ಬಂದಿದ್ದ. ಒಳ್ಳೇ ಮಾತುಗಾರ.

“ನಿಮ್ಮ ಕರಿಗುಡ್ಡಿಯೊಳಗ ಮೀನಿನ ಬಲಿ ಹೆಣೆದಂಗ ಗೆರಿ ಅದಾವ ಅಜ್ಜಾರ. ಈ ಬೆಳಕು ಅವನ್ನ ಓದತೈತಿ. ಜಗತ್ತಿನ್ಯಾಗ ಇನ್ನೊಬ್ಬಗ ಇಂಥಾ ಗೆರಿ ಇಲ್ಲ. ಒಂದ ಗೆರಿ ಹೆಚ್ಚುಕಡಿಮಿ ಆದ್ರೂ ಬಾಗಲಾ ತೆರಿಯೂದಿಲ್ಲ ನೋಡ್ರಿ!” ಅಂದ.

ಕಾಕಾ ಆ ಮಾತನ್ನು ಎದೆಯಲ್ಲಿ ಬರೆದುಕೊಂಡ. ಅವತ್ತು ಗಿರಣಿಗೆ ಬಂದವನ ಮುಖ ನೋಡಬೇಕಿತ್ತು. “ಮಂಜವ್ವಾ, ಇದನ್ನ ಸಾಬೂನಿಗೆ ಒತ್ತಾಕ ಬರೂದಿಲ್ಲ. ಇನ್ನ ಯಾವ ಸೂಳೀಮಗ ನನಗ ಕಳ್ಳ ಅಂತಾನ, ಅನ್ನಲಿ!” ಎಂದು ಎರಡೂ ಕಣ್ಣು ಅಗಲಿಸಿ ತೋರಿಸಿದ. ನಾನು ಬಿದ್ದುಬಿದ್ದು ನಕ್ಕೆ. ದಿನಾ ಬೆಳಿಗ್ಗೆ ಆ ಟಿಕ್ ಕೇಳಿದ ಮೇಲೆಯೇ ಅವನು ಚಹಾ ಕುಡಿಯುತ್ತಿದ್ದ.

ಮುಂದಿನ ಬೇಸಿಗೆಗೆ ಅವನಿಗೆ ತಲೆನೋವು ಶುರುವಾಯಿತು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತವೆ ಅನ್ನುತ್ತಿದ್ದ. ತಿಳವಳ್ಳಿಯಲ್ಲಿ ಕಣ್ಣಿನ ತಪಾಸಣೆ ಶಿಬಿರವಿತ್ತು. ನಮ್ಮವ್ವನನ್ನು ಕರೆದುಕೊಂಡು ಹೊರಟಿದ್ದೆ, ಕಾಕಾನನ್ನೂ ಬಸ್ಸಿಗೆ ಎಳೆದುಕೊಂಡು ಹೋದೆ. ಡಾಕ್ಟರು ಬಿಡಿಸಿ ಹೇಳಿದರು. “ಕಣ್ಣಿನೊಳಗ ಒತ್ತಡ ಏರೇತಿ. ನೀರು ಹರಿಯಾಕ ದಾರಿ ಇಲ್ಲ. ಹುಬ್ಬಳ್ಳಿಗೆ ಬರ್ರಿ, ಎರಡೂ ಕರಿಗುಡ್ಡಿ ಅಂಚಿಗೆ ಲೇಸರ್ ಬೆಳಕಿನಿಂದ ಒಂದೊಂದು ಸಣ್ಣ ತೂತು ಮಾಡ್ತೇವಿ. ಬಿಟ್ರ ಕಣ್ಣು ಹೋಗ್ತಾವ, ಹೋದ್ವಂದ್ರ ತಿರುಗಿ ಬರೂದಿಲ್ಲ.”

“ತೂತು ಕರಿಗುಡ್ಡಿಗೇ ಏನ್ರಿ?” ಎಂದು ಕಾಕಾ ಕೇಳಿದ.

“ಹೌದು, ಅದಕ್ಕ.”

ಊರಿಗೆ ಬಂದು ಬಸ್ಸಿಳಿದ ಮೇಲೆ ಅಂದ, “ಗೆರಿ ಕೆಡ್ತಾವ ಮಂಜವ್ವಾ. ಕೀಲಿ ನನ್ನ ಗುರುತ ಹಿಡಿಯೂದಿಲ್ಲ. ಆಮ್ಯಾಲ ಏನಂತಾರ? ಕಣ್ಣು ಯಾಕ ಬದಲಿ ಮಾಡ್ಕೊಂಡಿ ಅಂತಾರ.”

ನನಗೆ ನೆತ್ತಿಗೇರಿತು. “ನಿನ್ನ ಕೀಲಿ ಸುಡುಗಾಡಿಗೆ ಹೋಗಲಿ! ಕುಡ್ಡ ಆಗ್ತಿ ಕಾಕಾ!” ಎಂದು ಬಸ್ ನಿಲ್ದಾಣದಲ್ಲೇ ಕೂಗಾಡಿದೆ. ಅವನೂ ಕೂಗಿದ. “ಜೀಪ ಹತ್ತಿದಾಂವ ನಾನು, ನೀ ಅಲ್ಲ!”

ಮರುದಿನವೇ ಗೋದಾಮಿನ ಮ್ಯಾನೇಜರ್ ಹುಲಗೇಶನ ಹತ್ತಿರ ಹೋದೆ. ತೂತು ಮಾಡಿಸಿದರೆ ಕೀಲಿ ತೆರೆಯುತ್ತದೋ ಇಲ್ಲವೋ, ಆ ಸಾಗರನನ್ನು ಒಂದು ಮಾತು ಕೇಳಿ ಹೇಳು ಅಂದೆ. “ಕೇಳ್ತೇನ್ರಿ ಅಕ್ಕಾರ” ಅಂದ. ಸಿಕ್ಕಾಗಲೆಲ್ಲ ಕೇಳಿದೆ. ಬಿತ್ತನೆ ಗಡಿಬಿಡಿ, ಆ ಹುಡುಗನ ಫೋನು ಹತ್ತುತ್ತಿಲ್ಲ, ನಾಳೆ ನೋಡೋಣ ಅನ್ನುತ್ತಿದ್ದ. ಫೋನ್ ನಂಬರ್ ಕೊಡು, ನಾನೇ ಮಾಡುತ್ತೇನೆ ಅಂದರೆ, ಕಂಪನಿ ನಂಬರ್ ಹೊರಗಿನವರಿಗೆ ಕೊಡುವ ಹಾಗಿಲ್ಲವಂತೆ. ಅವನ ನಾಲಿಗೆಗೆ ಹುಳ ಬೀಳಲಿ.

ಮಳೆಗಾಲ ಮುಗಿಯುವಷ್ಟರಲ್ಲಿ ಕಾಕಾ ನನ್ನ ಗಿರಣಿಯ ತಕ್ಕಡಿಗೆ ಎಡವುತ್ತಿದ್ದ, ತಾಟಿನ ಪಕ್ಕಕ್ಕೆ ಕೈ ಹಾಕುತ್ತಿದ್ದ. ಹೆಂಡತಿ ಗುತ್ತೆವ್ವ, ನನಗೆ ಚಿಗವ್ವ, ಅತ್ತಳು, ಬೈದಳು, ಉಪವಾಸ ಕೂತಳು. “ಸುಗ್ಗಿ ಮುಗೀಲಿ, ಹೋಗೂಣು” ಅನ್ನುವುದೊಂದೇ ಅವನ ಉತ್ತರ. ಬೆಳಿಗ್ಗೆ ಗೋಡೆ ಸವರುತ್ತ ಹೋಗಿ ಡಬ್ಬಿಯ ಎದುರು ನಿಲ್ಲುತ್ತಿದ್ದ. ಟಿಕ್ ಅನ್ನುತ್ತಿತ್ತು. ಅಷ್ಟು ಸಾಕಾಗಿತ್ತು ಅವನಿಗೆ.

ಒಂದು ಮಧ್ಯಾಹ್ನ ಗೋದಾಮಿನ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಬಿದ್ದ. ವಾಂತಿ, ಚೀರಾಟ, ಕಣ್ಣು ಕೆಂಡದ ಹಾಗೆ. ಹುಬ್ಬಳ್ಳಿಗೆ ಒಯ್ದೆವು. ಅಲ್ಲಿ ಒತ್ತಡ ಇಳಿಸಲು ಅದೇ ತೂತು ಮಾಡಿದರು. ನೋವು ಹೋಯಿತು. ಕಣ್ಣೂ ಹೋಗಿತ್ತು. ಒಳಗಿನ ನರ ಒಣಗಿದೆ, ಇನ್ನು ಯಾರಿಂದಲೂ ಏನೂ ಆಗುವುದಿಲ್ಲ ಅಂದರು.

ಊರಿಗೆ ಬಂದ ಮೇಲೆ ಅವನದು ಒಂದೇ ಹಟ. ಕೀಲಿ ತನ್ನ ಗುರುತು ಹಿಡಿಯುತ್ತದೋ ಇಲ್ಲವೋ ನೋಡಬೇಕು. ಹೊಸ ಕಾವಲುಗಾರನ ಕಣ್ಣು ಸೇರಿಸಲು ಸಾಗರ ಬಂದಿದ್ದಾನೆಂದು ತಿಳಿದು, ಕಾಕಾನ ಕೈ ಹಿಡಿದು ಕರೆದುಕೊಂಡು ಹೋದೆ. ಕಣ್ಣಿಗೆ ತೂತು ಮಾಡಿಸಿದ್ದನ್ನು ಸಾಗರನಿಗೆ ಹೇಳಿ, ಕಾಕಾನ ಗದ್ದ ಹಿಡಿದು ಮುಖವನ್ನು ಡಬ್ಬಿಯ ಎದುರು ತಿರುಗಿಸಿದೆ. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಮೇಲೆತ್ತಿದೆ. ಟಿಕ್.

“ತೆರೀತೇನು?”

“ತೆರೀತು ಕಾಕಾ.”

ಒಳಗಿನ ತಂಪು ಗಾಳಿ ಮುಖಕ್ಕೆ ಬಡಿದಾಗ ಅವನು ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. ಆಗ ಆ ಸಾಗರ, ಪಾಪ, ಅವನಿಗೇನು ಗೊತ್ತು, ವೈರು ಸುತ್ತುತ್ತ ಸಹಜವಾಗಿ ಅಂದ. “ಅಷ್ಟ ಸಣ್ಣ ತೂತಿಗೆ ಏನಾಗತೈತ್ರಿ ಅಜ್ಜಾರ? ಗುರುತ ಸಿಗಲಿಲ್ಲ ಅಂದ್ರೂ, ಮತ್ತೊಮ್ಮೆ ಇಲ್ಲೇ ನಿಂತು ಹೊಸಾ ಗುರುತ ಬರಸಿದ್ರ ಮುಗೀತಿತ್ತು. ಎರಡ ನಿಮಿಷದ ಕೆಲಸ.”

ಕಾಕಾನ ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯುವುದು ಮರೆತವನಂತೆ. “ಎರಡ ನಿಮಿಷ ಏನಪಾ?” ಅಂದ. ನನ್ನ ಮಣಿಕಟ್ಟು ಹಿಡಿದವನು ಎಷ್ಟು ಗಟ್ಟಿ ಹಿಡಿದಿದ್ದನೆಂದರೆ ಬಳೆ ಒಡೆಯಿತು.

ಮನೆಯ ಹೊಸ್ತಿಲ ಹತ್ತಿರ ನಿಂತು ಮೆಲ್ಲಗೆ ಅಂದ, “ನಿಮ್ಮ ಚಿಗವ್ವನ ಮುಂದ ಹೇಳಬ್ಯಾಡವಾ.”

ಹೇಳಿಲ್ಲ. ಗುತ್ತೆವ್ವ ಜೋಳ ಬೀಸಿಸಲು ಬರುತ್ತಾಳೆ. ಹಿಟ್ಟಿಗೆ ಕಾದು ಕೂತ ಹೆಣ್ಣುಮಕ್ಕಳ ಮುಂದೆ ಸೆರಗು ಸರಿಮಾಡಿಕೊಂಡು, “ಏನ್ ಮಾಡೂದವಾ, ಕಣ್ಣರ ಉಳಸ್ಕೋಬೇಕಿತ್ತು, ಇಲ್ಲಾ ಮಾನರ ಉಳಸ್ಕೋಬೇಕಿತ್ತು. ನನ್ನ ಗಂಡ ಮಾನ ಉಳಸ್ಕೊಂಡ” ಅನ್ನುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ ಕೇಳುತ್ತಾಳೆ, “ಹೌದಲ್ಲೇನ ಮಂಜವ್ವಾ?”

“ಹೌದು ಚಿಗವ್ವಾ” ಅನ್ನುತ್ತೇನೆ. ಅಂದು, ಗಿರಣಿಯ ಗುಂಡಿ ಒತ್ತಿಬಿಡುತ್ತೇನೆ.