ಮೆಟ್ಟಿಲಿಲ್ಲದ ಅಂಗಡಿ

ಹೆಂಡತಿ ತೀರಿಕೊಂಡ ಮರುವರ್ಷ ಕಲ್ಯಾಣದುರ್ಗದ ನಮ್ಮ ಮನೆಯ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ಒಂದು ಮಾತೂ ಕೇಳದೆ ಒಳಗಿದ್ದದ್ದನ್ನೆಲ್ಲ ಅಳಿಸಿ ಕೊಟ್ಟ. ಸ್ಟುಡಿಯೊ ಮೆಟ್ಟಿಲು ಹತ್ತಲು ನಾಚುತ್ತಿದ್ದ ಅವಳ ಫೋಟೊಗಳಿದ್ದದ್ದು ಅದರಲ್ಲಿ ಮಾತ್ರ.

ಅಳಿಸಿದ್ದನ್ನು ಹುಡುಕಿಕೊಡುವ ಸಾಫ್ಟ್‌ವೇರ್ ಒಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಮಾರುವವನು ಯಾವುದೋ ದೇಶದವನು. ಫೋಟೊಗಳನ್ನು ಹೆಬ್ಬೆರಳಿನಷ್ಟು ಚಿಕ್ಕದಾಗಿ ಪುಕ್ಕಟೆ ತೋರಿಸುತ್ತಿದ್ದ. ಉಳಿಸಿಕೊಳ್ಳಬೇಕಾದರೆ ದುಡ್ಡು ಕಟ್ಟಿ ಕೀ ಅನ್ನುವ ಗುಟ್ಟಿನ ನಂಬರು ತರಿಸಿಕೊಳ್ಳಬೇಕಿತ್ತು.

ಕ್ರೆಡಿಟ್ ಕಾರ್ಡ್ ಇದ್ದದ್ದು ಹಿಂದೂಪುರದಲ್ಲಿ ನೆಟ್ ಸೆಂಟರ್ ಇಟ್ಟಿದ್ದ ಬಾಮೈದನ ಹತ್ತಿರ. ಬಸ್ಸು ಹತ್ತಿ ಹೋದೆ. ಕೀ ಬಂತು. ನಮ್ಮ ಕಡೆ ಬಲ್ಬನ್ನೂ ಅಂಗಡಿಯಲ್ಲೇ ಉರಿಸಿ ನೋಡದೆ ಯಾರೂ ಮನೆಗೆ ಒಯ್ಯುವುದಿಲ್ಲ.

"ಇಲ್ಲೇ ಒಂದ್ಸಲ ಹಾಕಿ ನೋಡ್ಬುಡಾನ ಭಾವ," ಎಂದ ಬಾಮೈದ.

ಅವನ ಯಂತ್ರದಲ್ಲಿ ಹಾಕಿದೆವು. ಚೆನ್ನಾಗಿ ನಡೆಯಿತು. ಖುಷಿಯಿಂದ ಊರಿಗೆ ಬಂದು ನನ್ನದಕ್ಕೆ ಹಾಕಿದರೆ, ಈ ಕೀ ಒಂದೇ ಯಂತ್ರಕ್ಕೆ, ಆಗಲೇ ಬಳಕೆಯಾಗಿದೆ ಎಂದಿತು. ನನ್ನ ಡಿಸ್ಕನ್ನೇ ಹಿಂದೂಪುರಕ್ಕೆ ಒಯ್ಯೋಣವೆಂದರೆ, ಅಷ್ಟರಲ್ಲಿ ಬಾಮೈದ ವೈರಸ್ಸು ಬಂತೆಂದು ಕೀ ಸಮೇತ ಅವನ ಯಂತ್ರವನ್ನೂ ಅಳಿಸಿ ಕೂತಿದ್ದ. ಅಳಿಸುವುದರಲ್ಲಿ ಎಲ್ಲರೂ ನಿಸ್ಸೀಮರು.

ಹಿಂದೂಪುರದ ಪೇಟೆಯಾಗಿದ್ದರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬರುವ ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಾಡಿ, ಬದಲಿ ಕೊಟ್ಟ ಮೇಲೇ ಏಳುತ್ತಿದ್ದೆ. ಕೀ ಮಾರಿದ ಇವನಿಗೆ ಮೆಟ್ಟಿಲೇ ಇಲ್ಲ. ಎಷ್ಟು ಮೇಲ್ ಬರೆದರೂ ಉತ್ತರವಿಲ್ಲ. ಇನ್ನೊಂದು ಕೀ ಕೊಳ್ಳೋಣವೆಂದರೆ ಆ ಪುಟವೇ ತೆರೆಯಲಿಲ್ಲ.

ಗ್ರಾಹಕರ ಕೇಸು ನಡೆಸುವ ವಕೀಲರ ಬಳಿ ಹೋದೆ.

"ಕಾನೂನೇನೋ ಐತೆ ಕಣಪ್ಪ. ನೋಟೀಸು ಎಲ್ಲಿಗೆ ಕಳ್ಸಾನ? ಬಿಲ್ಲಲ್ಲಿ ಅಡ್ರೆಸ್ಸೇ ಇಲ್ಲ. ತಕರಾರಿದ್ರೆ ನಿಮ್ ದೇಶದ ಕೋರ್ಟಿಗೇ ಬತ್ತೀನಿ ಅಂತ ಕೊಳ್ಳೋವಾಗ ನೀನೇ ಒಪ್ಕಂಡು ಬಟನ್ ಒತ್ಬುಟ್ಟಿದ್ದೀಯ. ಏಂ ಚೇದ್ದಾಂ, ಏನ್ ಮಾಡಾನ?" ಎಂದರು. ನನ್ನ ಮುಖ ನೋಡಿ ಮನಸ್ಸು ಕರಗಿತೇನೋ, ಪೆನ್ನು ತೆಗೆದರು. "ಆದ್ರೂ ಒಂದು ಅರ್ಜಿ ಹಾಕಿ ನೋಡಾನ. ನಷ್ಟ ಏನಾಯ್ತು ಅಂತ ಬರೀಲಿ?"

ಕೈಮುಗಿದು ಎದ್ದು ಬಂದೆ.

ಮನೆಗೆ ಬಂದು ಕಂಪ್ಯೂಟರ್ ಹಾಕಿದೆ. ಆ ಪುಕ್ಕಟೆ ಫೋಟೊದೊಳಗೆ ಸೆರಗನ್ನು ಬಾಯಿಗಿಟ್ಟುಕೊಂಡು ಅವಳು ಚಿಕ್ಕದಾಗಿ ನಗುತ್ತಿದ್ದಳು. ಅವಳು ಹೋದ ದಿನವೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಅವತ್ತು ಮನೆ ತುಂಬ ಜನರಿದ್ದರು.

"ಆಗಲ್ವಂತೆ ಕಣೇ," ಎಂದೆ.

ಆ ದಿನ ನಮ್ಮ ಮನೆಯೊಳಗೆ ಕೇಳಿದ ಮಾತು ಅದೊಂದೇ.